ತಪ್ಪಿದ ತೀರ್ಪಿನ ಮರುದಿನ

ಶಾಲೆಯ ಸ್ಮರಣ ಸಂಚಿಕೆಯೆಂದರೆ ಗೆದ್ದವರ ಪುಸ್ತಕವೆಂದು ನಾವೆಲ್ಲರೂ ಭಾವಿಸಿಕೊಂಡಿದ್ದೇವೆ. ಪರೀಕ್ಷೆಯಲ್ಲಿ ಮೇಲಾದವರ ಹೆಸರುಗಳೂ ಢಾಲು ಹಿಡಿದು ನಿಂತ ತಂಡದ ಚಿತ್ರವೂ ಬಹುಮಾನ ಹಂಚಿದ ಅತಿಥಿಗಳ ಮಾತುಗಳೂ ಇದರಲ್ಲಿ ಇರತಕ್ಕವೇ. ಆದರೆ ಆ ಚಿತ್ರಗಳಲ್ಲಿ ಎಂದಿಗೂ ಕಾಣಿಸಿಕೊಳ್ಳದವಳು ಒಬ್ಬಳಿದ್ದಾಳೆ. ಅವಳಿಲ್ಲದೆ ಆಟ ನಡೆಯುವಂತಿಲ್ಲ. ಆಟ ಮುಗಿದ ಮೇಲೆ ಅವಳನ್ನು ಕೇಳುವವರಿಲ್ಲ. ಸೀಟಿ ಹಿಡಿದು ಅಂಕಣದ ಬದಿಯಲ್ಲಿ ನಿಲ್ಲುವ ತೀರ್ಪುಗಾರ್ತಿಯೇ ಅವಳು. ಈ ವರ್ಷ ನಮ್ಮ ಹಿಂದಿನ ವಿದ್ಯಾರ್ಥಿನಿಯರ ಮತ್ತು ಮಾನ್ಯ ಪೋಷಕರ ಮುಂದೆ ಅವಳ ವಿಷಯವಾಗಿ ನಾಲ್ಕು ಮಾತುಗಳನ್ನಿಡಬೇಕೆಂದು ನನಗೆ ಮನಸ್ಸಾಗಿದೆ. ಅವಳು ಚೆನ್ನಾಗಿ ತೀರ್ಪು ಕೊಟ್ಟ ದಿನವನ್ನು ಕುರಿತು ಬರೆಯುವ ಅಗತ್ಯ ಕಾಣುವುದಿಲ್ಲ. ಅಂಥ ದಿನ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ತೀರ್ಪು ತಪ್ಪಿದ ದಿನವೊಂದುಂಟು, ಆ ದಿನಕ್ಕೊಂದು ಮರುದಿನವೂ ಉಂಟು. ನಾನು ಬರೆಯಬೇಕೆಂದಿರುವುದು ಆ ಮರುದಿನವನ್ನು ಕುರಿತು.

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಹಲವರು ಈಗ ಬೀದರ ನಗರದಲ್ಲಿಯೂ ಭಾಲ್ಕಿ ಮತ್ತು ಔರಾದ ತಾಲೂಕುಗಳ ಊರುಗಳಲ್ಲಿಯೂ ಶಿಕ್ಷಕಿಯರಾಗಿದ್ದಾರೆ. ಅವರಲ್ಲಿ ಕೆಲವರು ದೈಹಿಕ ಶಿಕ್ಷಣದ ತರಬೇತಿ ಹೊಂದಿದವರು. ಉಳಿದವರು ಕನ್ನಡ, ಗಣಿತ ಕಲಿಸುತ್ತಲೇ ಆಟದ ಗಂಟೆಯನ್ನೂ ನೋಡಿಕೊಳ್ಳುವವರು. ಶಾಲಾ ಮಕ್ಕಳ ಕ್ರೀಡಾಕೂಟವು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದಷ್ಟೆ. ಕೆಳಗಿನ ಮೆಟ್ಟಿಲುಗಳಲ್ಲಿ ತೀರ್ಪು ಕೊಡುವುದಕ್ಕೆ ದೂರದಿಂದ ನಿಪುಣರಾರೂ ಬರುವುದಿಲ್ಲ. ಬೇರೆ ಬೇರೆ ಶಾಲೆಗಳ ಶಿಕ್ಷಕ ಶಿಕ್ಷಕಿಯರೇ ಆ ಹೊರೆಯನ್ನು ಹಂಚಿಕೊಳ್ಳುತ್ತಾರೆ. ಹೀಗೆ ನಮ್ಮ ಹುಡುಗಿಯರ ಕೈಗೆ ಸೀಟಿ ಬರುತ್ತದೆ.

ಇಂಥ ಒಂದು ದಿನವನ್ನು ಮನಸ್ಸಿಗೆ ತಂದುಕೊಳ್ಳಿರಿ. ತಾಲೂಕು ಮಟ್ಟದ ಖೋ ಖೋ ಪಂದ್ಯ. ಹಿಂದಿನ ರಾತ್ರಿ ಮಳೆ ಬಿದ್ದಿದೆ. ಎರೆಮಣ್ಣು ಕಾಲಿಗೆ ಅಂಟುತ್ತಿದೆ. ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿದೆ. ಓಡುವವಳ ಎರಡು ಕಾಲುಗಳೂ ಗೆರೆಯ ಹೊರಗೆ ಹೋದರೆ ಅವಳು ಔಟು. ಒಂದು ಕಾಲು ಒಳಗೆ ಊರಿದ್ದರೆ ಅಲ್ಲ. ತೀರ್ಪುಗಾರ್ತಿ ಸೀಟಿ ಊದಿದಳು. ಕಾಲು ಒಳಗೇ ಇತ್ತೆಂದು ನೋಡುವವರು ಕೂಗಿದರು, ಕನ್ನಡದಲ್ಲಿ ಒಬ್ಬರು, ಮರಾಠಿಯಲ್ಲಿ ಇನ್ನೊಬ್ಬರು, ಉರ್ದುವಿನಲ್ಲಿ ಮತ್ತೊಬ್ಬರು. ಅವಳ ಎದೆ ಹಾರಿತು. ಮುಂದಿನ ಫೌಲು ಕಣ್ಣೆದುರಿಗೆ ಆದರೂ ಸೀಟಿ ತುಟಿಯಲ್ಲಿಯೇ ಉಳಿಯಿತು. ಆ ಮೇಲೆ, ಮೊದಲು ನಷ್ಟ ಹೊಂದಿದ ತಂಡಕ್ಕೆ ಸಮಾಧಾನವಾಗಲೆಂದು ಅವರ ಕಡೆಗೆ ಒಂದು ತೀರ್ಪು ಕೊಟ್ಟಳು. ಈಗ ಎರಡೂ ತಂಡದವರು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣವೆಂದು ದೂರಿದರು. ಸಂಜೆಯೊಳಗೆ ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಮರುದಿನ ಅವಳು ತನ್ನ ಮುಖ್ಯೋಪಾಧ್ಯಾಯರಿಗೆ ಹೇಳುವ ಮಾತು ಒಂದೇ: ಇನ್ನು ಮೇಲೆ ನನ್ನನ್ನು ಈ ಕೆಲಸಕ್ಕೆ ಕಳುಹಿಸಬೇಡಿರಿ.

ಈ ಮಾತನ್ನು ನಾನು ಒಬ್ಬಳ ಬಾಯಿಂದಲ್ಲ, ಹಲವರ ಬಾಯಿಂದ ಕೇಳಿದ್ದೇನೆ. ಅವರ ಮನೆಯವರೂ ಸಹೋದ್ಯೋಗಿಗಳೂ ಪ್ರೀತಿಯಿಂದಲೇ ಅದಕ್ಕೆ ತಲೆದೂಗುತ್ತಾರೆ. "ನಿನಗೇಕೆ ಬೇಕಿತ್ತು ಈ ಉಸಾಬರಿ? ಗಂಡಸರು ನೋಡಿಕೊಳ್ಳಲಿ" ಎನ್ನುತ್ತಾರೆ. ಈ ಪ್ರೀತಿಯ ಮಾತನ್ನೇ ನಾನು ವಿರೋಧಿಸಬೇಕೆಂದಿದ್ದೇನೆ. ನನ್ನ ಅಭಿಪ್ರಾಯವೇನೆಂದರೆ, ತಪ್ಪಿದ ತೀರ್ಪುಗಾರ್ತಿಗೆ ನಾವು ಕೊಡಬೇಕಾದದ್ದು ಬಿಡುವಲ್ಲ, ಸೀಟಿ. ಅದೂ ಮುಂದಿನ ವರ್ಷವಲ್ಲ, ಮುಂದಿನ ವಾರದಲ್ಲಿಯೇ.

ಮೊದಲನೆಯದಾಗಿ, ತೀರ್ಪು ಕೊಡುವ ಕೆಲಸದ ಸ್ವಭಾವವನ್ನು ಸ್ವಲ್ಪ ಆಲೋಚಿಸೋಣ. ಆಡುವವಳು ಒಂದು ಸಾರಿ ಎಡವಿದರೆ ಮುಂದಿನ ಓಟದಲ್ಲಿ ಅದನ್ನು ಮರೆಸಬಹುದು. ತೀರ್ಪುಗಾರ್ತಿಗೆ ಹಾಗಿಲ್ಲ. ನೂರು ತೀರ್ಪುಗಳನ್ನು ಸರಿಯಾಗಿ ಕೊಟ್ಟರೆ ಅವಳಿದ್ದಾಳೆಂಬುದೇ ಯಾರಿಗೂ ತಿಳಿಯದು. ಒಂದು ತಪ್ಪಿದರೆ ಆ ಒಂದರಿಂದಲೇ ಅವಳ ಗುರುತು. ಖೋ ಖೋ ಆಟದಲ್ಲಿ ಬೆನ್ನಿಗೆ ಕೈ ತಾಗುವುದು, ಖೋ ಎಂಬ ಶಬ್ದ, ಕುಳಿತವಳು ಏಳುವುದು, ಇವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತವೆ. ಕಣ್ಣು ಒಂದನ್ನು ಹಿಡಿಯಬೇಕು, ಕಿವಿ ಇನ್ನೊಂದನ್ನು. ಆದಕಾರಣವೇ ಆ ಆಟದ ನಿಯಮವನ್ನು ಬರೆದವರು ಅಂಕಣದ ಒಂದೊಂದು ಅರ್ಧಕ್ಕೆ ಒಬ್ಬರಂತೆ ಇಬ್ಬರು ಅಂಪೈರುಗಳನ್ನಿಟ್ಟು, ಅವರಿಬ್ಬರಲ್ಲಿ ಭೇದ ಬಂದಾಗ ಕಡೆಯ ಮಾತು ಹೇಳಲು ಒಬ್ಬ ರೆಫರಿಯನ್ನು ನೇಮಿಸಿದರು. ಭೇದ ಬರುವುದು ಸಹಜವೆಂದು ನಿಯಮವೇ ಒಪ್ಪಿಕೊಂಡ ಮೇಲೆ, ನೋಡುವವರಾದ ನಾವು ಒಪ್ಪಿಕೊಳ್ಳದಿರುವುದು ನ್ಯಾಯವೇ?

ದೊಡ್ಡ ಮೈದಾನಗಳಲ್ಲಿಯೂ ಈ ಮಾತು ಸುಳ್ಳಲ್ಲ. ಅಂಪೈರರ ತೀರ್ಪನ್ನು ಯಂತ್ರಗಳ ಸಹಾಯದಿಂದ ಮರಳಿ ಪರಿಶೀಲಿಸುವ ಪದ್ಧತಿಯನ್ನು ಟೆಸ್ಟ್ ಕ್ರಿಕೆಟ್ಟಿನಲ್ಲಿ ೨೦೦೮ರಲ್ಲಿ, ಶ್ರೀಲಂಕೆಯಲ್ಲಿ ನಡೆದ ಭಾರತದ ಸರಣಿಯಲ್ಲಿ, ಮೊದಲು ಪ್ರಯೋಗಿಸಿ ನೋಡಿದರು. ಆ ಪದ್ಧತಿ ಬಂದ ಮೇಲೆ ಅಂಪೈರರ ತಪ್ಪುಗಳು ಲೋಕವೆಲ್ಲ ಎಣಿಸುವಂತೆ ಹೊರಬಿದ್ದವು. ಶ್ರೀಲಂಕೆಯ ಕುಮಾರ ಧರ್ಮಸೇನರು ೨೦೧೨ರಲ್ಲಿಯೇ ವರ್ಷದ ಅತ್ಯುತ್ತಮ ಅಂಪೈರ್ ಎನ್ನಿಸಿಕೊಂಡಿದ್ದವರು. ೨೦೧೬ನೆಯ ಅಕ್ಟೋಬರಿನಲ್ಲಿ ಬಾಂಗ್ಲಾದೇಶಕ್ಕೂ ಇಂಗ್ಲೆಂಡಿಗೂ ಚಿತ್ತಗಾಂಗಿನಲ್ಲಿ ನಡೆದ ಟೆಸ್ಟಿನಲ್ಲಿ ಅವರ ತೀರ್ಪುಗಳಲ್ಲಿ ಎಂಟು, ಪರಿಶೀಲನೆಯಲ್ಲಿ ತಪ್ಪೆಂದು ತಿರುಗಿಬಿದ್ದವು. ಒಬ್ಬ ಅಂಪೈರನಿಗೆ ಒಂದೇ ಪಂದ್ಯದಲ್ಲಿ ಇದಕ್ಕಿಂತ ಹೆಚ್ಚಿನ ಅವಮಾನ ಬೇರೆ ಬೇಕೇ? ಅವರು ಮನೆಗೆ ಹೋಗಿ ಕದವಿಕ್ಕಿಕೊಳ್ಳಲಿಲ್ಲ. ಅವರ ಮೇಲಿನವರೂ ಅವರನ್ನು ತಳ್ಳಿಹಾಕಲಿಲ್ಲ. ಎರಡು ವರ್ಷಗಳಾಗುವಷ್ಟರಲ್ಲಿ, ಅಂದರೆ ೨೦೧೮ರಲ್ಲಿ, ಅದೇ ಧರ್ಮಸೇನರಿಗೆ ಅದೇ ಗೌರವ ಎರಡನೆಯ ಸಾರಿ ದೊರೆಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೯ನೆಯ ಜುಲೈ ೧೪ರಂದು ಲಾರ್ಡ್ಸಿನಲ್ಲಿ ನಡೆದ ವಿಶ್ವಕಪ್ಪಿನ ಕಡೆಯ ಪಂದ್ಯದಲ್ಲಿ ಐದು ಓಟಗಳನ್ನು ಕೊಡಬೇಕಾದಲ್ಲಿ ಅವರು ಆರನ್ನು ಕೊಟ್ಟರು. ಟೀವಿಯಲ್ಲಿ ನೋಡಿದ ಮೇಲೆ ಅದು ತಪ್ಪೆಂದು ಬಹಿರಂಗವಾಗಿಯೇ ಒಪ್ಪಿಕೊಂಡರು; ಒಪ್ಪಿಕೊಂಡು ತಮ್ಮ ಕೆಲಸವನ್ನು ಮುಂದುವರಿಸಿದರು. ಆನೆಯೂ ಮುಗ್ಗರಿಸುವುದುಂಟು, ಮುಗ್ಗರಿಸಿದ ಆನೆ ನಡೆಯುವುದನ್ನು ಬಿಡುವುದಿಲ್ಲ.

ಇಲ್ಲಿ ಒಬ್ಬ ಪೋಷಕರು ನನ್ನನ್ನು ತಡೆದು ಕೇಳಬಹುದು: "ಅಮ್ಮ, ತೀರ್ಪುಗಾರ್ತಿಯ ಧೈರ್ಯದ ಚಿಂತೆ ನಿಮಗೆ. ಅವಳ ತಪ್ಪಿನಿಂದ ಸೋತು ಅಳುತ್ತ ಬಂದ ನಮ್ಮ ಮಗಳ ಚಿಂತೆ ಯಾರಿಗೆ? ಅವಳ ಅಭ್ಯಾಸಕ್ಕೆ ನಮ್ಮ ಮಕ್ಕಳ ಆಟವೇ ಬೇಕೇ?" ಈ ಪ್ರಶ್ನೆ ನ್ಯಾಯವಾದದ್ದು. ಒಂದು ವರ್ಷ ಬೆವರು ಸುರಿಸಿದ ಮಗುವಿಗೆ ನ್ಯಾಯವಾದ ತೀರ್ಪು ಸಲ್ಲಬೇಕು. ಆದರೆ ಈ ಪ್ರಶ್ನೆಗೆ ಉತ್ತರವು ತೀರ್ಪುಗಾರ್ತಿಯನ್ನು ಹೊರದೂಡುವುದರಲ್ಲಿಲ್ಲ, ಅವಳನ್ನು ತಕ್ಕ ಮೆಟ್ಟಿಲಿನಲ್ಲಿ ನಿಲ್ಲಿಸುವುದರಲ್ಲಿದೆ.

ಇದಕ್ಕೆ ನಮ್ಮ ನಾಡಿನವರೊಬ್ಬರ ಸಂಬಂಧವುಳ್ಳ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ೧೯೯೯ನೆಯ ಫೆಬ್ರವರಿ ೭ರಂದು ದಿಲ್ಲಿಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಒಂದು ಇನಿಂಗ್ಸಿನ ಹತ್ತು ವಿಕೆಟುಗಳನ್ನೂ ತಾವೊಬ್ಬರೇ ತೆಗೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಆ ದಿನ ಅಂಪೈರುಗಳಾಗಿ ನಿಂತವರು ಕರ್ನಾಟಕದ ಎ. ವಿ. ಜಯಪ್ರಕಾಶರು ಮತ್ತು ಜಮೈಕಾದ ಸ್ಟೀವ್ ಬಕ್ನರರು. ಒಂಬತ್ತು ವರ್ಷಗಳು ಕಳೆದು, ೨೦೦೮ನೆಯ ಜನವರಿಯಲ್ಲಿ ಸಿಡ್ನಿಯಲ್ಲಿ, ಕುಂಬ್ಳೆಯವರು ಭಾರತ ತಂಡದ ನಾಯಕರಾಗಿದ್ದಾಗ ಅದೇ ಬಕ್ನರರು ಮತ್ತೆ ಅಂಪೈರಾಗಿ ಬಂದರು. ಈ ಸಾರಿ ತೀರ್ಪುಗಳು ಬಹಳ ತಪ್ಪಿದವು. ಸೈಮಂಡ್ಸರು ಮೂವತ್ತು ಓಟಗಳಲ್ಲಿದ್ದಾಗ ಚೆಂಡು ಬ್ಯಾಟಿಗೆ ತಾಗಿ ಕೀಪರನ ಕೈ ಸೇರಿದರೂ ಔಟಾಗಲಿಲ್ಲ. ಅವರು ೧೬೨ರ ವರೆಗೆ ಬೆಳೆದು ಔಟಾಗದೆ ಉಳಿದರು. ಭಾರತವು ೧೨೨ ಓಟಗಳಿಂದ ಸೋತಿತು. ಭಾರತದ ಕಡೆಯಿಂದ ಬಲವಾದ ದೂರು ಹೋಗಿ, ಮುಂದಿನ ಪರ್ತ್ ಟೆಸ್ಟಿನಿಂದ ಬಕ್ನರರನ್ನು ತೆಗೆದು ಬೇರೊಬ್ಬರನ್ನು ನಿಲ್ಲಿಸಿದರು. ಆ ಒಂದು ಪಂದ್ಯದಿಂದ ತೆಗೆದದ್ದು ಸರಿಯೋ ತಪ್ಪೋ ಎಂಬ ವಾದ ಬಹುಕಾಲ ನಡೆಯಿತು. ನಾನು ನಿಮ್ಮ ಗಮನಕ್ಕೆ ತರುವುದು ಅದರಾಚೆಯ ಸಂಗತಿಯನ್ನು: ಒಂದು ಪಂದ್ಯ ತಪ್ಪಿದರೂ ಅವರಿಗೆ ಮೈದಾನದ ಬಾಗಿಲು ಮುಚ್ಚಲಿಲ್ಲ. ಅವರು ೨೦೦೯ರ ವರೆಗೆ ತೀರ್ಪು ಕೊಟ್ಟು, ಒಟ್ಟು ೧೨೮ ಟೆಸ್ಟುಗಳನ್ನು ಮುಗಿಸಿ ನಿವೃತ್ತರಾದರು. ದಿಲ್ಲಿಯ ದಿನದಿಂದಲೇ ಅವರನ್ನು ಅಳೆಯುವುದು ಹೇಗೆ ಪೂರ್ತಿಯಾಗದೋ ಸಿಡ್ನಿಯ ದಿನದಿಂದಲೇ ಅಳೆಯುವುದೂ ಹಾಗೆಯೇ.

ಆದುದರಿಂದ ನಾನು ಹೇಳುವುದಿಷ್ಟು. ತಾಲೂಕಿನ ಕಡೆಯ ಪಂದ್ಯದಲ್ಲಿ ತಪ್ಪಿದವಳನ್ನು ಕೂಡಲೇ ಜಿಲ್ಲೆಯ ಕಡೆಯ ಪಂದ್ಯಕ್ಕೆ ನೇಮಿಸುವುದು ಬೇಡ. ಅವಳದೇ ಶಾಲೆಯಲ್ಲಿ ಐದನೆಯ, ಆರನೆಯ ತರಗತಿಯ ಮಕ್ಕಳ ಆಟ ಪ್ರತಿವಾರ ನಡೆಯುತ್ತದೆ. ನೆರೆಯ ಶಾಲೆಯೊಂದಿಗೆ ಸ್ನೇಹದ ಪಂದ್ಯವನ್ನು ಏರ್ಪಡಿಸಬಹುದು. ಅಲ್ಲಿ ಅವಳು ನಿಲ್ಲಲಿ; ಅನುಭವಸ್ಥರೊಬ್ಬರು ಎದುರಿನ ಅರ್ಧದಲ್ಲಿ ನಿಂತು ಜೊತೆ ಕೊಡಲಿ. ಮೂರು ನಾಲ್ಕು ಪಂದ್ಯಗಳಾದ ಮೇಲೆ ಮೇಲಿನ ಮೆಟ್ಟಿಲಿಗೆ ಏರಲಿ. ಹೀಗಾದರೆ ಮಕ್ಕಳಿಗೂ ಅನ್ಯಾಯವಿಲ್ಲ, ಅವಳಿಗೂ ಅನ್ಯಾಯವಿಲ್ಲ. ಆದರೆ ತಡಮಾಡಬಾರದು. ಸೈಕಲ್ಲಿನಿಂದ ಬಿದ್ದ ಮಗು ಅದೇ ಸಂಜೆ ಮತ್ತೆ ಹತ್ತಿದರೆ ಅಂಜಿಕೆ ಅಲ್ಲಿಗೇ ಮುಗಿಯುತ್ತದೆ. ತಿಂಗಳು ಬಿಟ್ಟು ಹತ್ತಿಸಿದರೆ ಸೈಕಲ್ಲನ್ನು ಕಂಡರೇ ಹೆದರುತ್ತದೆ.

ಇನ್ನು ತೀರ್ಪುಗಾರ್ತಿಯರಾದ ನನ್ನ ಹಿಂದಿನ ವಿದ್ಯಾರ್ಥಿನಿಯರಿಗೆ ಎರಡು ಮಾತು. "ಧೈರ್ಯ ತಂದುಕೋ" ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ಏನು ತಪ್ಪಿತೆಂಬುದನ್ನು ತಿಳಿದುಕೊಂಡಾಗ ಅದು ತಾನಾಗಿಯೇ ಬರುತ್ತದೆ. ಆದ್ದರಿಂದ ಪಂದ್ಯ ಮುಗಿದ ರಾತ್ರಿ, ಮನಸ್ಸು ಸ್ವಲ್ಪ ತಣಿದ ಮೇಲೆ, ಒಂದು ನೋಟುಬುಕ್ಕಿನಲ್ಲಿ ತಪ್ಪಿದ ತೀರ್ಪುಗಳನ್ನು ಬರೆದಿಡಿರಿ. ಬರೆದು, ಪ್ರತಿಯೊಂದರ ಮುಂದೆ ಅದು ಯಾವ ಜಾತಿಯ ತಪ್ಪೆಂದು ಗುರುತು ಹಾಕಿರಿ. ನಾನು ಕಂಡಂತೆ ಅವು ಮೂರು ಜಾತಿಯವು.

ನಿಯಮ ಸರಿಯಾಗಿ ತಿಳಿಯದೆ ಆದ ತಪ್ಪು ಮೊದಲನೆಯದು. ಇದಕ್ಕೆ ಮದ್ದು ಪುಸ್ತಕ. ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ, ಹತ್ತು ವರ್ಷಗಳ ಹಿಂದೆ ತರಬೇತಿಯಲ್ಲಿ ಕಲಿತದ್ದನ್ನು ನೆಚ್ಚಿಕೊಂಡು ಅಂಕಣಕ್ಕೆ ಇಳಿಯಬಾರದು. ನಿಂತ ಜಾಗ ಸರಿಯಿಲ್ಲದೆ ಆದ ತಪ್ಪು ಎರಡನೆಯದು. ಓಡುವವಳ ಕಾಲನ್ನು ನೋಡಬೇಕಾದವಳು ಬೆನ್ನ ಹಿಂದೆ ನಿಂತಿದ್ದರೆ ಎಷ್ಟು ತೀಕ್ಷ್ಣವಾದ ಕಣ್ಣಿದ್ದರೇನು? ಇದಕ್ಕೆ ಮದ್ದು ಕಾಲು: ಗೆರೆಯ ನೇರಕ್ಕೆ ಓಡುವ ಅಭ್ಯಾಸ ಮಾಡಬೇಕು. ಕುಣಿಯಲಾರದವಳು ನೆಲ ಡೊಂಕೆಂದಳೆಂದು ಗಾದೆಯಿದ್ದರೂ, ನಮ್ಮ ಕಡೆಯ ಮಳೆಗಾಲದ ಅಂಕಣಗಳಲ್ಲಿ ನೆಲವೂ ಡೊಂಕಾಗಿರುವುದು ನಿಜವೇ. ಆದುದರಿಂದ ಪಂದ್ಯಕ್ಕೆ ಮುಂಚೆ ಗೆರೆಗಳನ್ನು ಮರಳಿ ಎಳೆಸದೆ ಸೀಟಿ ಊದಬಾರದು. ಹಾಗೆ ಕೇಳುವುದು ತೀರ್ಪುಗಾರ್ತಿಯ ಅಧಿಕಾರ, ಗರ್ವವಲ್ಲ.

ಮನಸ್ಸು ಕದಡಿದ್ದರಿಂದ ಆದ ತಪ್ಪು ಮೂರನೆಯದು, ಇದೇ ಅಪಾಯಕರವಾದದ್ದು. ಒಂದು ತಪ್ಪಿನಿಂದ ಅಂಜಿ, ಅದನ್ನು ತೂಗಿಸುವುದಕ್ಕೆ ಇನ್ನೊಂದು ಕಡೆಗೆ ಕೊಡುವ ತೀರ್ಪು ಇದರಲ್ಲಿ ಸೇರುತ್ತದೆ. ಮೊದಲನೆಯ ತಪ್ಪು ಕಣ್ಣಿನದು. ಎರಡನೆಯದು ತಿಳಿದೂ ಮಾಡಿದ್ದು. ಎಡವಿದ ಕಾಲೇ ಎಡವುತ್ತದೆಂಬುದು ಇಲ್ಲಿ ನಿಜವಾಗುತ್ತದೆ. ಇದಕ್ಕೆ ಮದ್ದು, ಕೊಟ್ಟ ತೀರ್ಪನ್ನು ಆ ಕ್ಷಣದಲ್ಲಿಯೇ ಬಿಟ್ಟುಬಿಡುವ ಅಭ್ಯಾಸ. ಸೀಟಿ ಊದಿ, ಕೈಯಿಂದ ಸನ್ನೆ ತೋರಿಸಿ, ಕಣ್ಣನ್ನು ಜನರ ಕಡೆಗೆ ತಿರುಗಿಸದೆ ಮುಂದಿನ ಆಟದ ಮೇಲೆ ನೆಡಬೇಕು. ಹಾಗೆಯೇ ಮೊಬೈಲಿನಲ್ಲಿ ಬಂದ ಚಿತ್ರವನ್ನು ಕಲಿಯುವುದಕ್ಕಾಗಿ ಒಂದು ಸಾರಿ ನೋಡಿದರೆ ಸಾಕು. ಹತ್ತು ಸಾರಿ ನೋಡುವುದು ಗಾಯವನ್ನು ಕೆರೆದುಕೊಂಡಂತೆ.

ಆದರೆ ತೀರ್ಪುಗಾರ್ತಿಯೊಬ್ಬಳೇ ಮಾಡಿ ಮುಗಿಸುವ ಕೆಲಸ ಇದಲ್ಲ. ಎದುರಿಗಿದ್ದವರು ನಡೆದುಕೊಂಡ ರೀತಿಯೂ ಇದರಲ್ಲಿ ಬಹಳ ಮಟ್ಟಿಗೆ ಸೇರಿದೆ. ೨೦೦೭ನೆಯ ಜುಲೈಯಲ್ಲಿ ಇಂಗ್ಲೆಂಡಿನ ಟ್ರೆಂಟ್ ಬ್ರಿಜ್ಜಿನಲ್ಲಿ ಸಚಿನ್ ತೆಂಡೂಲ್ಕರರು ತೊಂಬತ್ತೊಂದು ಓಟಗಳಲ್ಲಿದ್ದಾಗ ಆಸ್ಟ್ರೇಲಿಯಾದ ಅಂಪೈರ್ ಸೈಮನ್ ಟಾಫೆಲರು ಅವರನ್ನು ಎಲ್‌ಬಿಡಬ್ಲ್ಯೂ ಎಂದು ಔಟು ಕೊಟ್ಟರು. ತೀರ್ಪು ತಪ್ಪಾಗಿತ್ತು. ಆ ಮೇಲೆ ತಾವೇ ಹೋಗಿ ತಪ್ಪನ್ನು ಒಪ್ಪಿಕೊಂಡಾಗ ತೆಂಡೂಲ್ಕರರು ಕೋಪಿಸಿಕೊಳ್ಳದೆ ಸಮಾಧಾನ ಹೇಳಿದರೆಂದು ಟಾಫೆಲರೇ ಮುಂದೆ ತಿಳಿಸಿದ್ದಾರೆ. ೨೦೦೪ರಿಂದ ೨೦೦೮ರ ವರೆಗೆ ಐದು ವರ್ಷಗಳೂ ಟಾಫೆಲರೇ ಅತ್ಯುತ್ತಮ ಅಂಪೈರ್ ಎನ್ನಿಸಿಕೊಂಡರು. ಆ ತಪ್ಪು ನಡೆದ ವರ್ಷವೂ ಅದರಲ್ಲಿ ಸೇರಿದೆ.

ಇನ್ನೂ ಹೃದಯಂಗಮವಾದದ್ದು ಅಮೇರಿಕದ ಬೇಸ್‌ಬಾಲ್ ಆಟದ ಒಂದು ಸಂಗತಿ. ಎದುರಾಳಿಗಳಲ್ಲಿ ಒಬ್ಬನೂ ನೆಲೆ ಸೇರದಂತೆ ಇಡೀ ಪಂದ್ಯವನ್ನು ಎಸೆದು ಮುಗಿಸುವುದು ಆ ಆಟದಲ್ಲಿ ಬಹು ಅಪೂರ್ವವಾದ ಕೀರ್ತಿ. ೨೦೧೦ನೆಯ ಜೂನ್ ೨ರಂದು ಡೆಟ್ರಾಯಿಟಿನಲ್ಲಿ ಅರ್ಮಾಂಡೋ ಗಲರಾಗಾ ಎಂಬ ತರುಣನು ಆ ಕೀರ್ತಿಗೆ ಒಬ್ಬನೇ ಆಟಗಾರನಷ್ಟು ದೂರದಲ್ಲಿದ್ದಾಗ, ಅಂಪೈರ್ ಜಿಮ್ ಜಾಯ್ಸರು ಔಟಾದವನನ್ನು ಔಟಿಲ್ಲವೆಂದು ಬಿಟ್ಟರು. ಪಂದ್ಯದ ನಂತರ ಚಿತ್ರವನ್ನು ನೋಡಿ, ತಪ್ಪು ತಮ್ಮದೇ ಎಂದು ಕಣ್ಣೀರಿಟ್ಟರು. ಮರುದಿನವೇ ಅದೇ ಮೈದಾನದಲ್ಲಿ ಅವರು ಮತ್ತೆ ನಿಲ್ಲಬೇಕಾಗಿತ್ತು, ನಿಂತರು. ಆಟಕ್ಕೆ ಮುಂಚೆ ತಂಡದ ಪಟ್ಟಿಯನ್ನು ಅಂಪೈರರ ಕೈಗೆ ಕೊಡುವುದಕ್ಕೆ ಬಂದವನು ಆ ಗಲರಾಗಾನೇ. ಆ ಒಂದು ಕಾಗದವನ್ನು ಕೊಟ್ಟದ್ದರಲ್ಲಿ ಎಷ್ಟು ಮಾತು ಅಡಗಿತ್ತು! ನಮ್ಮ ತಂಡಗಳ ನಾಯಕಿಯರಿಗೆ ಇಂಥ ನಡತೆಯನ್ನು ಕಲಿಸುವುದು ಗೆಲ್ಲುವುದನ್ನು ಕಲಿಸುವಷ್ಟೇ ಮುಖ್ಯವೆಂದು ನಾನು ತಿಳಿಯುತ್ತೇನೆ.

ಪೋಷಕರಲ್ಲಿಯೂ ನನ್ನ ಬಿನ್ನಹವುಂಟು. ಬಿದ್ದವರಿಗೆ ಆಳಿಗೊಂದು ಕಲ್ಲೆಂಬಂತೆ ತೀರ್ಪುಗಾರ್ತಿಯ ತಪ್ಪಿನ ಚಿತ್ರವನ್ನು ಊರಿಗೆಲ್ಲ ಹಂಚಬೇಡಿರಿ. ದೂರಿದ್ದರೆ ತಂಡದ ಶಿಕ್ಷಕಿಯ ಮೂಲಕ ನಿಯಮದಂತೆ ಸಲ್ಲಿಸಿರಿ. ಅದು ನಿಮ್ಮ ಹಕ್ಕು. ಸೀಟಿ ಹಿಡಿದವಳು ನಿಮ್ಮ ಮನೆಯ ಮಗಳೋ ಸೊಸೆಯೋ ಆಗಿದ್ದರೆ, "ಏಕೆ ಬೇಕಿತ್ತು" ಎನ್ನುವುದಕ್ಕೆ ಬದಲಾಗಿ "ಮುಂದಿನ ಪಂದ್ಯ ಎಂದು?" ಎಂದು ಕೇಳಿರಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇ ಎಂದು ಕೆಲವರಿಗೆ ತೋರಬಹುದು. ಆದರೆ ಇದರಲ್ಲಿ ನಮ್ಮ ಹೆಣ್ಣುಮಕ್ಕಳ ಆಟವೇ ಅಡಗಿದೆ. ೨೦೨೫ನೆಯ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಖೋ ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದಾಗ ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದಳು. ಹಳ್ಳಿಯ ಅಂಕಣದಿಂದ ಅಷ್ಟು ದೂರಕ್ಕೆ ದಾರಿ ಇದೆಯೆಂದು ಈಗ ಎಲ್ಲರಿಗೂ ತಿಳಿದಿದೆ. ಔರಾದ ತಾಲೂಕಿನ ಹುಡುಗಿಗೂ ಆ ದಾರಿ ಬೇಕಾದರೆ ಅವಳು ಮೊದಲು ತನ್ನ ತಾಲೂಕಿನಲ್ಲಿ ಆಡಬೇಕು. ಅಂಕಣದಲ್ಲಿ ಒಬ್ಬ ಅಕ್ಕ ಸೀಟಿ ಹಿಡಿದು ನಿಂತಿದ್ದಾಳೆಂದು ಕಂಡರೆ ಎಷ್ಟೋ ತಾಯಂದಿರು ಮಗಳನ್ನು ನಿಶ್ಚಿಂತೆಯಿಂದ ಕಳುಹಿಸುತ್ತಾರೆ. ಒಂದು ಕೆಟ್ಟ ಮಧ್ಯಾಹ್ನಕ್ಕೆ ಒಬ್ಬೊಬ್ಬ ಅಕ್ಕನನ್ನು ನಾವು ಕಳೆದುಕೊಳ್ಳುತ್ತ ಹೋದರೆ ಆ ಜಾಗದಲ್ಲಿ ನಿಲ್ಲುವವರು ಯಾರು?

ಹೊರಗಿನ ಬಾಗಿಲುಗಳಂತೂ ಒಂದೊಂದಾಗಿ ತೆರೆಯುತ್ತಿವೆ. ೨೦೧೯ರಲ್ಲಿ ಜಿ. ಎಸ್. ಲಕ್ಷ್ಮಿಯವರು ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಮ್ಯಾಚ್ ರೆಫರಿಗಳ ಪಟ್ಟಿಗೆ ಸೇರಿದ ಮೊದಲನೆಯ ಮಹಿಳೆಯಾದರು. ೨೦೨೨ನೆಯ ಡಿಸೆಂಬರ್ ೧ರಂದು ಕತಾರಿನಲ್ಲಿ ಫ್ರಾನ್ಸಿನ ಸ್ಟೆಫನಿ ಫ್ರಾಪಾರರು ಪುರುಷರ ವಿಶ್ವಕಪ್ ಫುಟ್‌ಬಾಲ್ ಪಂದ್ಯವೊಂದನ್ನು ನಡೆಸಿದ ಮೊದಲನೆಯ ಮಹಿಳಾ ರೆಫರಿಯೆನಿಸಿಕೊಂಡರು. ೧೯೩೪ರಲ್ಲಿ ಆರಂಭವಾದ ರಣಜಿ ಟ್ರೋಫಿಯಲ್ಲಿ ಮಹಿಳೆಯರು ಅಂಪೈರುಗಳಾಗಿ ಮೈದಾನಕ್ಕಿಳಿಯುವುದಕ್ಕೆ ೨೦೨೩ನೆಯ ಜನವರಿಯ ವರೆಗೆ ಕಾಯಬೇಕಾಯಿತು. ಆಗ ಇಳಿದವರು ವೃಂದಾ ರಾಠಿ, ಎನ್. ಜನನಿ, ಗಾಯತ್ರಿ ವೇಣುಗೋಪಾಲನ್ ಎಂಬ ಮೂವರು. ಇಷ್ಟು ಕಾಲ ಕಾದು ತೆರೆದ ಬಾಗಿಲನ್ನು ನಮ್ಮ ಕೈಯಿಂದ ನಾವೇ ಮುಚ್ಚಬಾರದು.

ಹಿಂದಿನ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಇಂಥ ಒಂದು ದಿನದ ನಂತರ ಸೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ, ಅದನ್ನು ತೆಗೆದುಕೊಂಡು ಒಂದು ಶನಿವಾರ ನಮ್ಮ ಶಾಲೆಗೆ ಬನ್ನಿರಿ. ಇಲ್ಲಿ ಕೆಳಗಿನ ತರಗತಿಗಳ ಚಿಕ್ಕ ಹುಡುಗಿಯರ ಆಟಗಳಿಗೆ ತೀರ್ಪುಗಾರ್ತಿಯರು ಯಾವಾಗಲೂ ಸಾಲರು. ಗೆರೆಗಳನ್ನು ಹೊಸದಾಗಿ ಎಳೆಸಿಟ್ಟಿರುತ್ತೇವೆ. ಎದುರಿನ ಅರ್ಧದಲ್ಲಿ ನಿಲ್ಲುವುದಕ್ಕೆ ನಮ್ಮ ಶಿಕ್ಷಕಿಯೊಬ್ಬರು ಇರುತ್ತಾರೆ. ನೀವು ಬಂದು ಊದಬೇಕು, ಅಷ್ಟೇ.